ಬೀಗದ ಹವ್ಯಾಸಿ: ಹತಾರವೂ ಹಟವೂ

ಬೀಗವನ್ನು ಅದರ ಕೈ ಇಲ್ಲದೆ, ಒಡೆಯದೆ, ಕದಿಯುವ ಉದ್ದೇಶವೂ ಇಲ್ಲದೆ ತೆಗೆಯುವವನೇ ಬೀಗದ ಹವ್ಯಾಸಿ. ಮೊದಲೆರಡು ಲಕ್ಷಣಗಳನ್ನು ಊರು ಒಂದೇ ದಿನದಲ್ಲಿ ಒಪ್ಪುತ್ತದೆ. ಮೂರನೆಯದನ್ನು ಒಪ್ಪಲು ಕೆಲವು ವರ್ಷ ಬೇಕು.

ಹೊಸಪೇಟೆ–ಬಳ್ಳಾರಿ ರಸ್ತೆಯ ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ಈತನ ಮೂಲ ಲಾರಿ ಗ್ಯಾರೇಜು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ಸ್ಪ್ಯಾನರ್ ಹಿಡಿದು ರೂಢಿಯಾದ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಈತನನ್ನು ಗುರುತಿಸುವುದು ಸುಲಭ. ಬೀಗರ ಮನೆಗೆ ಹೋದರೂ ಬೀಗರ ಮುಖಕ್ಕಿಂತ ಮೊದಲು ಬೀಗದ ಮುಖ ನೋಡುತ್ತಾನೆ. ಗುಡಿಯಲ್ಲಿ ಕೈ ಮುಗಿಯುವುದು ದೇವರಿಗೆ, ಕಣ್ಣಿಡುವುದು ಹುಂಡಿಯ ಬೀಗಕ್ಕೆ. ಪೂಜಾರಿಗೆ ಇದು ಗೊತ್ತು. ಈತ ಹೊರಗೆ ಹೋಗುವವರೆಗೂ ಮಂಗಳಾರತಿ ಮುಗಿಯುವುದಿಲ್ಲ.

ಹತಾರಗಳಲ್ಲಿ ಎರಡು ವರ್ಗ: ತರಿಸಿದ್ದು, ಮಾಡಿಕೊಂಡದ್ದು.

ತರಿಸಿದ್ದು ಕೊರಿಯರಿನಲ್ಲಿ, ಜಿಪ್ ಇರುವ ರೆಕ್ಸಿನ್ ಚೀಲದಲ್ಲಿ ಬರುತ್ತದೆ. ಒಳಗೆ ಊದಿನಕಡ್ಡಿಯಷ್ಟು ಸಪೂರದ ಉಕ್ಕಿನ ಕಡ್ಡಿಗಳು: ಒಂದರ ತುದಿ ಕೊಕ್ಕೆ, ಇನ್ನೊಂದರದು ಅರ್ಧ ವಜ್ರ, ಮತ್ತೊಂದು ಹಾವಿನಂತೆ ಬಳುಕಿದ್ದು. ಜೊತೆಗೆ ಬೀಗದ ಬಾಯಿಗೆ ಹಗುರವಾಗಿ ತಿರುಚು ಕೊಡಲು ಬಗ್ಗಿಸಿದ ಪಟ್ಟಿ, ಅಭ್ಯಾಸಕ್ಕೊಂದು ಗಾಜಿನಂಥ ಬೀಗ. ಇವೆಲ್ಲ ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಬಗೆಯ ಪಿನ್ ಬೀಗಗಳಿಗಾಗಿ ಇರುವಂಥವು. ಒಂದು ಕೈ ತಿರುಚು ಹಿಡಿದಿರಬೇಕು, ಇನ್ನೊಂದು ಪಿನ್ನುಗಳನ್ನು ಒಂದೊಂದಾಗಿ ಎತ್ತಿ ಕೂರಿಸಬೇಕು. ಗಾಜಿನ ಬೀಗ ನಿಮಿಷದಲ್ಲಿ ತೆರೆಯುತ್ತದೆ. ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ.

ಹವ್ಯಾಸದ ಕಷ್ಟ ಶುರುವಾಗುವುದು ಆಮೇಲೆ. ಟ್ರಂಕು, ಕಿರಾಣಿ ಅಂಗಡಿಗಳಿಗೆ ಜೋತುಬಿದ್ದಿರುವುದು ಹೆಚ್ಚಾಗಿ ಅಲಿಗಢದ ಕಡೆಯ ಲಿವರ್ ಬೀಗ. ಅದರೊಳಗೆ ಪಿನ್ನಿಲ್ಲ, ರೊಟ್ಟಿಯ ಅಟ್ಟಿಯಂತೆ ಒಂದರ ಮೇಲೊಂದು ತಗಡು. ಪ್ರತಿ ತಗಡೂ ತನಗೆ ಗೊತ್ತುಮಾಡಿದ ಎತ್ತರಕ್ಕೇ ಏಳಬೇಕು. ಕಡಿಮೆಯಾದರೂ ಹೆಚ್ಚಾದರೂ ಅಗುಳಿ ಜರುಗದು. ಗೋದ್ರೆಜ್ ನವ್‌ತಾಲ್ ಆದರೆ ಅಂಥವು ಏಳೂ ಇರಬಹುದು. ಕೊರಿಯರಿನ ಕಡ್ಡಿ ಇಲ್ಲಿ ಕಿವಿ ಕೆರೆಯಲು ಮಾತ್ರ ಉಪಯೋಗ.

ಆಗ ಎರಡನೆಯ ವರ್ಗ ಹುಟ್ಟುತ್ತದೆ. ಸೈಕಲ್ಲಿನ ಕಡ್ಡಿ ಬಡಿದು ತುದಿ ಚಪ್ಪಟೆ ಮಾಡಿದ್ದು. ಲಾರಿ ವೈಪರಿನ ಉಕ್ಕಿನ ಪಟ್ಟಿ. ಸವೆದ ಗರಗಸದ ಬ್ಲೇಡು. ಬ್ಲೇಡನ್ನು ಗ್ರೈಂಡರಿಗೆ ಒಡ್ಡುವಾಗ ಕ್ಷಣಕ್ಕೊಮ್ಮೆ ನೀರಿಗೆ ಅದ್ದಬೇಕು, ಇಲ್ಲವಾದರೆ ಕಾದು ಹದ ಕಳೆದುಕೊಳ್ಳುತ್ತದೆ. ಹಿಡಿಗೆ ಹಳೆಯ ಟ್ಯೂಬು ಸುತ್ತುತ್ತಾನೆ. ಇವುಗಳಿಗೆ ರೆಕ್ಸಿನ್ ಚೀಲದಲ್ಲಿ ಜಾಗವಿಲ್ಲ. ಹೆಂಡತಿಯ ಸಾಸಿವೆ ಡಬ್ಬಿಯಲ್ಲಿ ಇರುತ್ತವೆ. ಒಗ್ಗರಣೆಯಲ್ಲಿ ಒಮ್ಮೊಮ್ಮೆ ಸಿಗುತ್ತವೆ.

ಹವ್ಯಾಸದ ನಿಯಮ ಒಂದೇ: ಬೀಗ ಸ್ವಂತದ್ದಾಗಿರಬೇಕು, ಇಲ್ಲವೇ ಒಡೆಯನೇ ಕರೆದಿರಬೇಕು. ಕರೆ ಬಂದರೆ ಚೀಲ, ಡಬ್ಬಿ, ಟಾರ್ಚು ಸಮೇತ ಹೊರಡುತ್ತಾನೆ.

“ಮಾವ, ಇನ್ನ ಎಷ್ಟೊತ್ತು?”

“ಬರ್ತೈತಪ್ಪ, ಒಂದ್ ತಗಡು ಎದ್ದೈತಿ.”

ತಡವಾದಷ್ಟೂ ಇತಿಹಾಸ ಹೊರಬರುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬಾತ ಬ್ರಾಮಾ ಬೀಗ ತೆಗೆಯಲು 16 ದಿನಗಳಲ್ಲಿ 51 ಗಂಟೆ ಕೂತಿದ್ದನಂತೆ. ಹಾಲಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿಗೆ ಇದರಿಂದ ಸಮಾಧಾನವಾಗುವುದಿಲ್ಲ. ಆಕೆಯ ಕಣ್ಣು ಅಂಗಳದ ಗುಂಡುಕಲ್ಲಿನ ಮೇಲಿರುತ್ತದೆ.

ನಿಜ ಹೇಳಬೇಕೆಂದರೆ ಈ ಭಾಗದ ಬೀಗಗಳಿಗೆ ಮುಖ್ಯ ಶತ್ರು ಕಳೆದ ಕೈಯಲ್ಲ, ಅದಿರಿನ ಕೆಂಧೂಳು. ಅದರ ಮೇಲೆ ಕೊಬ್ಬರಿಎಣ್ಣೆ ಬಿಟ್ಟರೆ ಒಳಗೆ ಗಾರೆಯೇ ಆಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಪೆನ್ಸಿಲಿನ ಕಡ್ಡಿ ಪುಡಿಮಾಡಿ ಊದಿದರೆ ಮೊಂಡುಬಿದ್ದ ಬೀಗ ತನ್ನ ಕೈಗೇ ತೆರೆಯುತ್ತದೆ. ಹವ್ಯಾಸಿಗೆ ಇದು ಗೊತ್ತು. ಮೊದಲೇ ಹೇಳುವುದಿಲ್ಲ.

ಕೊನೆಗೊಮ್ಮೆ ‘ಟಕ್’ ಎನ್ನುತ್ತದೆ. ಅಷ್ಟರಲ್ಲಿ ಮೊಮ್ಮಗ ಓಡಿಬಂದು, ಕೈ ಅಜ್ಜಿಯ ಎಲೆಅಡಿಕೆ ಚೀಲದಲ್ಲೇ ಇತ್ತೆಂದು ತೋರಿಸುತ್ತಾನೆ. ಎಲ್ಲರೂ ನಗುತ್ತಾರೆ. ಹವ್ಯಾಸಿ ನಗುವುದಿಲ್ಲ. ಹುಡುಗನ ಕೈಯಿಂದ ಅದನ್ನು ಇಸಿದುಕೊಂಡು, ಬೀಗವನ್ನು ಮತ್ತೆ ಹಾಕಿ, ಕೈಯನ್ನು ಅಜ್ಜಿಗೆ ಒಪ್ಪಿಸಿ, ಇನ್ನೊಮ್ಮೆ ಕುಕ್ಕರುಗಾಲಲ್ಲಿ ಕೂರುತ್ತಾನೆ.