ಗೌಂಡಿಯೊಡನೆ ಸಂಗಮನಾಥನ ಸನ್ನಿಧಿಗೆ

ಅಧಿಷ್ಠಾನ, ಭಿತ್ತಿ, ಪ್ರಸ್ತರ, ಶಿಖರ, ಕಲಶವೆಂದು ಐಹೊಳೆ ಪಟ್ಟದಕಲ್ಲುಗಳ ಗುಡಿಗಳ ಅಂಗೋಪಾಂಗಗಳನ್ನೆಲ್ಲ ವಿದ್ಯಾರ್ಥಿಗಳಿಗೆ ಕಂಠಪಾಠ ಮಾಡಿಸಿದ ನನಗೆ, ನಿವೃತ್ತನಾಗಿ ಹುನಗುಂದದಲ್ಲೊಂದು ಮನೆಯನ್ನು ಕಟ್ಟಿಸಲು ತೊಡಗಿದಂದಿನಿಂದ ಗೌಂಡಿಯೇ ಗುರುವಾದನು. ಆತನ ಬಾಯಿಂದ ಹೊಸ ಶಬ್ದವೊಂದು ಹೊರಬಿದ್ದಾಗಲೆಲ್ಲ ನನ್ನ ಕಿಸೆಯಿಂದ ನೋಟುಗಳು ಹೊರಬೀಳುವವು.

ನೆಲದೊಳಗಡಗಿ ಮನೆಯ ಭಾರವನ್ನೆಲ್ಲ ಗಟ್ಟಿಮಣ್ಣಿಗೆ ಒಪ್ಪಿಸುವುದು ಪಾಯಾ. ಅದರ ಮೇಲೆ ಅಂಗಳದ ಮಟ್ಟದಿಂದ ಮನೆಯೊಳಗಿನ ನೆಲದವರೆಗೆ ಏರಿದುದು ಪ್ಲಿಂತ್, ಅಂದರೆ ಗುಡಿಯ ಅಧಿಷ್ಠಾನದ ಬಡ ದಾಯಾದಿ. ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ ಅಡ್ಡಮಲಗಿ ಮೇಲಿನ ಗೋಡೆಯ ಭಾರವನ್ನು ಇಕ್ಕೆಲಗಳಿಗೆ ಸಾಗಿಸುವುದು ಲಿಂಟಲ್. ನಮ್ಮಜ್ಜನ ಮನೆಯಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮೇಲ್ಮುದ್ದೆಯ ಮಣ್ಣು, ಮಣ್ಣಿನ ನಡುವೆ ಬೆಳಕಿಂಡಿ. ಸೋರಿದರೆ ಕೆಳಗೊಂದು ತಪೇಲಿ. ಈಗಿನ ಮಾಳಿಗೆ ಅಷ್ಟು ಸುಲಭಸಾಧ್ಯವಲ್ಲ. ಕಾಂಕ್ರೀಟು ತನ್ನ ಭಾರವನ್ನು ತಾನೇ ಹೊರುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆ ಕಂಬಗಳಿಗೆ ಸೆಂಟ್ರಿಂಗ್ ಎನ್ನುವರು. ಈ ಬಳಗವು ಬಾಡಿಗೆಗೆ ಬಂದು, ಮನೆಯ ಯಜಮಾನನಿಗಿಂತ ಮೊದಲೇ ಗೃಹಪ್ರವೇಶ ಮಾಡಿ, ತೆರಳುವ ಮಾತನ್ನೇ ಆಡದು. ಇನ್ನು, ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕೂಡುವುದರಿಂದಾದ ಕಾರಣ, ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವ ಕ್ಯೂರಿಂಗ್ ಎಂಬ ವ್ರತವುಂಟು. ಕಾಂಕ್ರೀಟಿನ ಬಲವನ್ನು 28ನೆಯ ದಿನಕ್ಕೆ ಲೆಕ್ಕಿಸುವರಂತೆ; ನನ್ನ ಬಲವು ಅದಕ್ಕೆ ಬಹು ಮೊದಲೇ ಉಡುಗಿತ್ತು.

ಸ್ಲ್ಯಾಬು ಹಾಕಿಸಿದ ಮರುವಾರ, ಸೋಮವಾರದಂದು, ದೇಹವನ್ನೇ ದೇಗುಲವೆಂದ ಬಸವಣ್ಣನವರ ಐಕ್ಯಕ್ಷೇತ್ರವಾದ ಕೂಡಲಸಂಗಮಕ್ಕೆ ಗೌಂಡಿಯೊಡನೆ ಹೋದೆನು. ಸಂಗಮನಾಥನ ಗುಡಿಯಲ್ಲಿ ಭಕ್ತರೆಲ್ಲ ಲಿಂಗದತ್ತ ನೋಡುತ್ತಿರಲು, ಈತನು ಗೋಡೆಯ ಕಲ್ಲುಗಳ ಸಂದಿಯಲ್ಲಿ ಉಗುರಾಡಿಸಿ, “ಗಿಲಾವ್ ಇಲ್ಲ, ಏನಿಲ್ಲ, ಬರೇ ಕಲ್ಲಿನ ಮ್ಯಾಲ ಕಲ್ಲು ಕುಂತೈತ್ರೀ!” ಎಂದು ಅಚ್ಚರಿಗೊಂಡನು. ಕೃಷ್ಣಾ ಮಲಪ್ರಭೆಗಳು ಕೂಡುವಲ್ಲಿ, ನಾರಾಯಣಪುರ ಜಲಾಶಯದ ಹಿನ್ನೀರನ್ನು ತಡೆದು ನಿಂತ ಬಾವಿಯಂತಹ ಗೋಡೆಯೊಳಗೆ ಮೆಟ್ಟಿಲಿಳಿದು ಐಕ್ಯಮಂಟಪವನ್ನು ಸೇರಿದಾಗಲಂತೂ, ಆತನು ಮೊದಲು ಗೋಡೆಯನ್ನು ಅಂಗೈಯಿಂದ ಸವರಿ ತೇವವುಂಟೋ ಎಂದು ಪರೀಕ್ಷಿಸಿದನು, ಕೈಮುಗಿದುದು ಅನಂತರ.

“ಸುತ್ತ ಹೊಳಿ, ನಡುವ ಗ್ವಾಡಿ! ಈ ಕೆಲಸಾ ಹಿಡದಾಂವಗ ರಾತ್ರಿ ನಿದ್ದಿ ಹತ್ತಿರಾಕಿಲ್ರೀ ಮಾಸ್ತರ.”

ನಾನು ಓದಿದ ಯಾವ ವಾಸ್ತುಗ್ರಂಥದಲ್ಲಿಯೂ ಇಂತಹ ಸಹೃದಯ ವಿಮರ್ಶೆಯನ್ನು ಕಂಡವನಲ್ಲ.

ಮರಳುವ ದಾರಿಯಲ್ಲಿ ಆತನ ಉತ್ಸಾಹವನ್ನು ವರ್ಧಿಸಲೆಂದು, ಇದೇ ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ, ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇಗುಲದ ಕತೆಯನ್ನು ಹೇಳಿದೆನು. ಅದರ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ ಪೆರ್ಜೆರೆಪು ಎಂಬ ಪಟ್ಟವನ್ನು ಕಟ್ಟಿ ಮನ್ನಿಸಿದರೆಂದು ಅಲ್ಲಿಯ ಶಾಸನವು ಇಂದಿಗೂ ಸಾರುತ್ತಿರುವುದನ್ನು ಬಣ್ಣಿಸಿದೆನು. ಗೌಂಡಿಯು ಗಂಭೀರವಾಗಿ ತಲೆದೂಗಿದನು.

“ಪಟ್ಟಾ ಕಟ್ಟಿದ್ದು ಖರೇ ರೀ ಮಾಸ್ತರ, ಪಗಾರ ಎಷ್ಟಂತ ಬರದಾರ?”

ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಆತನೇ ಮುಂದುವರಿದನು: “ಹೋಗ್ಲಿ ಬಿಡ್ರಿ. ನನಗ ಬಿರುದು ಬ್ಯಾಡ. ಸೆಂಟ್ರಿಂಗಿನ ಬಾಡಗಿ ನಾಳೆ ಮುಂಜಾನೆ ಕೊಟ್ಟಬಿಡ್ರಿ.”