ಪಡವಲಕಾಯಿಯ ಪಹಣಿ

ನಮ್ಮ ಕಡೆ ಚೌತಿಗೆ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟುತ್ತೇವಲ್ಲ, ನಿಜ ಹೇಳಬೇಕೆಂದರೆ ಅದೂ ಒಂದು ಫಲಪುಷ್ಪ ಪ್ರದರ್ಶನವೇ. ಮೊಗೆಕಾಯಿ, ಹಾಗಲ, ಹೀರೆ, ಅಡಿಕೆ ಗೊನೆ, ಸಿಂಗಾರ ಎಲ್ಲ ಸಾಲಾಗಿ ತೂಗುತ್ತವೆ. ಗಣಪತಿ ನೋಡಲು ಬಂದವರು ಕೈ ಮುಗಿಯುತ್ತಲೇ ಕಣ್ಣನ್ನು ಮೇಲೆ ಹಾಯಿಸಿ, ಈ ಮನೆಯ ಮೊಗೆಕಾಯಿ ನಮ್ಮದಕ್ಕಿಂತ ದೊಡ್ಡದೋ ಸಣ್ಣದೋ ಎಂದು ಅಳೆದುಕೊಂಡೇ ಪಂಚಕಜ್ಜಾಯಕ್ಕೆ ಕೈಯೊಡ್ಡುವುದು. ಆದರೆ ಗಣಪತಿ ಒಳ್ಳೆಯ ತೀರ್ಪುಗಾರ. ಬಾಯಿ ಬಿಡುವುದಿಲ್ಲ. ಪ್ರಥಮ, ದ್ವಿತೀಯ ಎಂದು ಚೀಟಿ ಅಂಟಿಸುವುದಿಲ್ಲ. ಅವನ ಎದುರಿಗೆ ತೂಗುಹಾಕಿ ತೃಪ್ತಿಪಟ್ಟಿದ್ದರೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು, ಇವರ ಕಾಲೂ ಉಳುಕುತ್ತಿರಲಿಲ್ಲ.

ಪೇಟೆಯಲ್ಲಿ ಫಲಪುಷ್ಪ ಪ್ರದರ್ಶನವಂತೆ, ಸ್ಪರ್ಧೆಯೂ ಇದೆಯಂತೆ ಎಂಬ ಸುದ್ದಿ ತಂದವರು ಮೇಲಿನಮನೆ ಅತ್ತಿಗೆ. ತಂದ ಮರುಕ್ಷಣವೇ ಯಾಕಾದರೂ ಹೇಳಿದೆನೋ ಎಂದು ಅವರ ಮುಖ ಪೆಚ್ಚಾಯಿತು. ಲಾಲ್‌ಬಾಗಿನಲ್ಲಿ ಜನವರಿಯಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ ನಡೆಯುವುದು ಬೇರೆ ಜಾತಿಯದು. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಹೂವಿನಲ್ಲಿ ಏನೋ ಒಂದು ಕಟ್ಟಿ ನಿಲ್ಲಿಸುತ್ತಾರೆ, ಜನ ಅದರೆದುರು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಯಾರಿಗೂ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ನಮ್ಮ ತಾಲೂಕಿನ ಪ್ರದರ್ಶನಕ್ಕೆ ಹೋಗುವವರು ಹೂವು ನೋಡಲು ಹೋಗುವುದಿಲ್ಲ, ಯಾರ ಹೂವು ಎಂದು ನೋಡಲು ಹೋಗುತ್ತಾರೆ.

ಹೂವಿನ ಮಟ್ಟಿಗೆ ನನಗೆ ಧೈರ್ಯವಿತ್ತು. ಮಳೆಗಾಲದ ಡೇರೆ ಹುಚ್ಚು ಮಲೆನಾಡಿನ ಹೆಂಗಸರಿಗೆ ಹೊಸದೇನಲ್ಲ. ಮೊದಲ ಮಳೆಗೆ ಗಡ್ಡೆ ನೆಟ್ಟು, ಕೋಲು ಕೊಟ್ಟು, ಪಕ್ಕದ ಮೊಗ್ಗುಗಳನ್ನು ಚಿವುಟಿ ಒಂದನ್ನೇ ಉಳಿಸಿ, ಜಡಿಮಳೆಗೆ ಎಸಳೊಳಗೆ ನೀರು ತುಂಬಿ ಕತ್ತು ಮುರಿಯದಂತೆ ಮನೆಯ ಕೊಡೆಗಳನ್ನೆಲ್ಲ ಗಿಡಕ್ಕೆ ಕಟ್ಟಿ, ನಾವು ನೆನೆದುಕೊಂಡು ಓಡಾಡುವ ಜನ. ಗಡ್ಡೆಯನ್ನು ಕೇಳಿದರೆ ಕೊಡುತ್ತೇವೆ, ಕೇಳದೆ ಕದ್ದುಕೊಂಡು ಹೋದರೂ ಬೇಜಾರಿಲ್ಲ, ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯೇ ಇದೆ. ಹಾಗಿದ್ದೂ ಆ ವರ್ಷ ಅತ್ತಿಗೆ ಬಂದು, ಆ ಬಿಳಿ ಅಂಚಿನ ಕೆಂಪು ಡೇರೆಯ ಒಂದು ಹಿಳ್ಳು ಕೊಡ್ತೀಯನೇ ಎಂದಾಗ, ಅದು ಕೊಳೆತುಹೋಯ್ತು ಅತ್ತಿಗೆ, ಎಂದುಬಿಟ್ಟೆ. ಆ ಗಿಡ ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಅರಳಿ ನಿಂತಿತ್ತು. ಇಬ್ಬರೂ ಅದನ್ನು ನೋಡಿದೆವು. ಇಬ್ಬರೂ ಕಾಫಿ ಕುಡಿದೆವು.

ಆದರೆ ಗೆಲ್ಲುವ ಆಸೆ ಇದ್ದದ್ದು ಪಡವಲದ ಮೇಲೆ. ಪಡವಲ ಮಿಡಿಯಾದಾಗಿನಿಂದಲೇ ಸುರುಳಿ ಸುತ್ತುವ ಬುದ್ಧಿಯದು; ಗೇಣುದ್ದ ಆದೊಡನೆ ತುದಿಗೆ ಕಲ್ಲು ಕಟ್ಟಿದರೆ ನೇರ ಇಳಿಯುತ್ತದೆ. ಕಾಯಿ ಬೆಳೆದಂತೆ ಕಲ್ಲೂ ಬೆಳೆಯಬೇಕು. ಕೊನೆಕೊನೆಗೆ ಅಂಗಳದ ಕಲ್ಲು ಯಾವುದೂ ಮನಸ್ಸಿಗೆ ಬಾರದೆ ಇವರ ಹಳೆಯ ತಕ್ಕಡಿಯ ತೂಕದಕಲ್ಲನ್ನೇ ತಂದು ಕಟ್ಟಿದೆ. ಮಂಗ ಬಾರದಂತೆ ಜಗಲಿಯಲ್ಲೇ ಕೂತು ಸಾರಿಗೆ ಕಾಯಿ ತುರಿದೆ. ಕಾಯಿನೊಣ ಕುಟುಕದಂತೆ ಹಳೆಯ ಸೀರೆಯ ಚೀಲ ಹೊಲಿದು ತೊಡಿಸಿದೆ. ಕಾಯಿ ನೆಲ ಮುಟ್ಟಲು ಬಂದಾಗ ಚಪ್ಪರ ಎತ್ತರಿಸುವ ಬದಲು ಕೆಳಗೆ ಗುಂಡಿ ತೋಡಿದೆ. ಆ ಗುಂಡಿಗೇ ಇವರು ಒಂದು ಸಂಜೆ ಕಾಲಿಟ್ಟದ್ದು. ಅಯ್ಯೋ ಎಂದು ಓಡಿ ಹೋಗಿ ಮೊದಲು ಕಾಯಿಗೇನಾದರೂ ಆಯಿತೇ ಎಂದು ಮುಟ್ಟಿ ನೋಡಿದೆ. ಅದನ್ನು ಇವರು ಇವತ್ತಿಗೂ ನೆಂಟರ ಎದುರಿಗೆ ಹೇಳುತ್ತಾರೆ.

ಕೊಯ್ಯುವ ಹೊತ್ತಿಗೆ ಅದು ಇವರಿಗಿಂತ ನಾಲ್ಕು ಬೆರಳು ಉದ್ದವಿತ್ತು. ಪಡವಲದಷ್ಟು ಬೇಗ ಪಟಕ್ಕೆಂದು ಮುರಿಯುವ ತರಕಾರಿ ಇನ್ನೊಂದಿಲ್ಲ. ಅದಕ್ಕೆ ಅಡಿಕೆ ದಬ್ಬೆಯೊಂದನ್ನು ತಂದು, ಬಾಳೆಪಟ್ಟೆ ಹಾಸಿ, ಕಾಯಿ ಮಲಗಿಸಿ, ಬಾಡದಿರಲೆಂದು ಒದ್ದೆ ಮಾಡಿದ ಇವರ ಬಿಳಿ ಪಂಚೆ ಹೊದಿಸಿ, ಬಾಳೆಹಗ್ಗದಲ್ಲಿ ಮೂರು ಕಡೆ ಕಟ್ಟಿದೆ. ಮುಂದಿನ ತುದಿ ಕುಂಟುತ್ತಿದ್ದ ಇವರ ಹೆಗಲಿಗೆ, ಹಿಂದಿನದು ನನ್ನ ಹೆಗಲಿಗೆ. ನನ್ನ ಇನ್ನೊಂದು ಕೈಯಲ್ಲಿ ಡೇರೆ ಹೂಗಳ ಬಾಟಲಿ. ನಾವು ಹೇಗೆ ಕಾಣುತ್ತಿದ್ದೇವೆ ಎಂಬುದು, ದೇವರಾಣೆ, ಬಸ್‌ಸ್ಟ್ಯಾಂಡ್ ತಲುಪುವವರೆಗೂ ಹೊಳೆದಿರಲಿಲ್ಲ.

ತಂಗುದಾಣದಲ್ಲಿ ಪಕ್ಕದ ಊರಿನ ಹಿರಿಯರೊಬ್ಬರು ಕೂತಿದ್ದರು. ನಮ್ಮನ್ನು ಕಂಡೊಡನೆ ಎದ್ದು ನಿಂತು ಎಲೆಯಡಿಕೆ ಉಗಿದು ಬಂದರು. ಕಣ್ಣು ಪಂಚೆಯ ಮೇಲಿತ್ತು.

“ಪಾಪ, ಭಾಳ ಸೊರಗಿದ್ರು ಕಾಣ್ತದೆ,” ಎಂದರು.

“ಸೊರಗಿದ್ದಲ್ಲ,” ಎಂದೆ, “ಇದರ ಜಾತಿಯೇ ಸಪೂರ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ, “ಎಷ್ಟೊತ್ತಿಗೆ ಹೋಯ್ತು?” ಎಂದು ಕೇಳಿದರು.

ಬಸ್ಸಿನ ವಿಷಯ ಎಂದುಕೊಂಡ ನಾನು, “ಇನ್ನೂ ಹೋಗ್ಲಿಲ್ಲ. ಏಳೂವರೆಗೆ ಹೋಗ್ತದೆ,” ಎಂದೆ.

“ಏಳೂವರೆಗೇ ಅಂತ ಡಾಕ್ಟ್ರು ಹೇಳಿದ್ರಾ?”

“ಅದಕ್ಕೆ ಡಾಕ್ಟ್ರು ಯಾಕೆ? ದಿನಾ ಅದೇ ಟೈಮಿಗೆ ಹೋಗೂದಲ್ವ.”

ಹಿರಿಯರು ಇವರ ಮುಖ ನೋಡಿದರು. ಇವರು ಕಾಲುನೋವಿಗೆ ಹಲ್ಲು ಕಚ್ಚಿಕೊಂಡು ನಿಂತಿದ್ದು ಅವರಿಗೆ ದುಃಖ ತಡೆದಂತೆ ಕಂಡಿರಬೇಕು. ಬೆನ್ನು ಸವರಿ, “ವಯಸ್ಸೆಷ್ಟು?” ಎಂದು ಮೆಲ್ಲಗೆ ಕೇಳಿದರು. ಸದ್ಯ, ಈಗಲಾದರೂ ಕಾಯಿಯ ವಿಷಯಕ್ಕೆ ಬಂದರಲ್ಲ ಎಂದು ನನಗೆ ಖುಷಿಯೋ ಖುಷಿ.

“ಒಂದು ತಿಂಗಳು ಭರ್ತಿ ಆಗ್ಲಿಲ್ಲ. ಇಷ್ಟುದ್ದ ಆಗಿದೆ ನೋಡಿ!”

ಅವರು ದಬ್ಬೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಹಿಂದಕ್ಕೆ ಸರಿದು, ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಆಗ ಇವರಿಗೆ ಜ್ಞಾನೋದಯವಾಯಿತು. ಮಾತಿಲ್ಲದೆ ಪಂಚೆಯ ತುದಿ ಎತ್ತಿ ತೋರಿಸಿದರು. ಹಸಿರು ಪಟ್ಟೆಯ ಬಾಲ ಹೊರಗೆ ಇಣುಕಿತು, ತೂಕದಕಲ್ಲಿನ ಸಮೇತ. ಬಿಚ್ಚಲು ಮರೆತಿದ್ದೆ.

ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆ, ಟಿಕೆಟ್ಟಿಗೆ ದುಡ್ಡಿಲ್ಲ. ಕಾಯಿಗೆ ಲಗೇಜು ಕೊಡಿ ಎಂದರು ಕಂಡಕ್ಟರು. ನನ್ನ ಜೊತೆಗಿದೆಯಲ್ಲ ಎಂದೆ. ಆಧಾರ್ ಕಾರ್ಡು ತೋರಿಸಲಿ, ಬಿಡ್ತೇನೆ ಎಂದರು. ಹಿಂದಿನಿಂದ ಹಿರಿಯರೇ ನಗುತ್ತ ದುಡ್ಡು ಕೊಟ್ಟರು. ಸೀಟಿನ ಬೆನ್ನುಗಳ ಮೇಲೆ ಮಲಗಿಸಿದ ದಬ್ಬೆಯನ್ನು ಸಾಲುಸಾಲಾಗಿ ಜನ ಹಿಡಿದುಕೊಂಡರು, ಹಂಪು ಬಂದಾಗಲೆಲ್ಲ ಇಡೀ ಬಸ್ಸು “ಹಂಪು!” ಎಂದು ಕೂಗಿ ಕಾಯಿಯನ್ನು ಎತ್ತಿ ಹಿಡಿಯುತ್ತಿತ್ತು. ಈ ಗಲಾಟೆಯಲ್ಲಿ ಡೇರೆಯ ಮೇಲೆ ಯಾರ ಗಮನವೂ ಇರಲಿಲ್ಲ, ನನ್ನದೂ. ಇಳಿಯುವಾಗ ಬಾಟಲಿಯಲ್ಲಿ ಉಳಿದದ್ದು ದಂಟು ಮತ್ತು ಕೆಲವು ಎಸಳು.

ಪ್ರದರ್ಶನದ ಕೌಂಟರಿನಲ್ಲಿ ಒಬ್ಬ ಹುಡುಗ ತಲೆ ಎತ್ತದೆ ಕೇಳಿದ: “ತರಕಾರಿ ವಿಭಾಗಕ್ಕಾ? ಪಹಣಿ ಕೊಡಿ.”

ಅಂಗಳದ ಚಪ್ಪರದ ಪಡವಲಕ್ಕೆ ಎಂಥ ಪಹಣಿ ಮಾರಾಯ ಎಂದೆ. ರೈತರಿಗೆ ಮಾತ್ರ ಅಮ್ಮ, ಪಹಣಿ ಇದ್ರೆ ರೈತರು, ಎಂದ. ಸೊಸೈಟಿ ಸಾಲದ ಕೆಲಸಕ್ಕೆಂದು ಇವರ ಚೀಲದಲ್ಲಿ ಝೆರಾಕ್ಸ್ ಸದಾ ಇರುತ್ತದೆ. 9ನೇ ಕಲಂನಲ್ಲಿ ಇವರ ಹೆಸರಿತ್ತು. ಹುಡುಗ ಅದನ್ನೇ ಚೀಟಿಗೆ ಬರೆದು ಕಾಯಿಗೆ ಅಂಟಿಸಿದ. ಹೂವಿಗೆ ಮಾತ್ರ ಏನೂ ಬೇಡವಂತೆ, ಅದು ಮಹಿಳೆಯರ ವಿಭಾಗ.

ಆ ಕ್ಷಣ ನನಗೆ ನಗು ಬರಲಿಲ್ಲ. 2005ರ ಕಾಯ್ದೆ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹೇಳಿದೆ, ಗೊತ್ತು. ಅದಾದ ಮೇಲೇ ನಾನು ತವರಿನಲ್ಲಿ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿ ಬಂದದ್ದು. ಅಣ್ಣಂದಿರು ಕೇಳಿದರು, ಹಾಕಿದೆ. ಒಂದು ರೇಷ್ಮೆ ಸೀರೆ, ಹೋಳಿಗೆ ಊಟ. ಅಲ್ಲಿ ಅಮ್ಮ ಬೆಳೆಸಿದ್ದ ಪಡವಲದ ಬೀಜವನ್ನೇ ನಾನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದದ್ದು. ಅದಕ್ಕೆ ಯಾರೂ ಸಹಿ ಕೇಳಲಿಲ್ಲ.

ಇರಲಿ. ತೀರ್ಪುಗಾರರು ಟೇಪು ಹಿಡಿದು ಅಳೆದರು, ಬಣ್ಣ ನೋಡಿದರು, ನೇರಕ್ಕೆ ತಲೆದೂಗಿದರು. ಪ್ರಥಮ. ಮೈಕಿನಲ್ಲಿ ಇವರ ಹೆಸರು ಕೂಗಿ, ಪ್ರಗತಿಪರ ಕೃಷಿಕ ಎಂದು ಶಾಲು ಹೊದಿಸಿದರು. ಸಾಧನೆಯ ಗುಟ್ಟೇನು ಎಂದು ಕೇಳಿದಾಗ, ಹೀರೆಬಳ್ಳಿ ಯಾವುದು ಪಡವಲದ ಬಳ್ಳಿ ಯಾವುದು ಎಂದು ತಿಳಿಯದ ಈ ಪ್ರಗತಿಪರರು ಗಂಟಲು ಸರಿಪಡಿಸಿಕೊಂಡು, “ಎಲ್ಲಾ ಕಲ್ಲಿನ ಮಹಿಮೆ” ಎಂದರು. ಚಪ್ಪಾಳೆ ಬಿತ್ತು. ಯಾವುದೋ ಅಧ್ಯಾತ್ಮದ ಮಾತು ಎಂದು ತಿಳಿದಿರಬೇಕು. ಡೇರೆಯಲ್ಲಿ ಪ್ರಥಮ ಮೇಲಿನಮನೆ ಅತ್ತಿಗೆಗೆ. ಹೂವು ಬಿಳಿ ಅಂಚಿನ ಕೆಂಪು. ಯಾವಾಗ ಕದ್ದರೋ! ನನ್ನ ಹೆಸರಿದ್ದ ಕಾಗದ ಒಂದೇ, ಡೇರೆ ವಿಭಾಗದಲ್ಲಿ ಭಾಗವಹಿಸಿದ್ದಕ್ಕೆ.

ಸಮಾಧಾನಕ್ಕೆ ಮಗಳು ಫೋನಿನಲ್ಲಿ ಓದಿ ಹೇಳಿದಳು: ಡೇರೆ ಮೆಕ್ಸಿಕೋದ ಗಿಡವಂತೆ. ಅದಕ್ಕೆ ಡಾಲಿಯಾ ಎಂದು ಹೆಸರಿಟ್ಟದ್ದು ಆಂಡರ್ಸ್ ಡಾಲ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿಯ ನೆನಪಿಗೆ. ಮ್ಯಾಡ್ರಿಡ್ಡಿನಲ್ಲಿ ಕವನಿಲೆಸ್ ಈ ಹೆಸರು ಕೊಟ್ಟದ್ದು 1791ರಲ್ಲಿ, ಡಾಲ್ ತೀರಿಕೊಂಡದ್ದು 1789ರಲ್ಲೇ. ಮೆಕ್ಸಿಕೋದಲ್ಲಿ ಅಷ್ಟು ಕಾಲ ಅದನ್ನು ಸಾಕಿದವರ ಪಹಣಿಯನ್ನೂ ಯಾರೂ ನೋಡಿರಲಿಕ್ಕಿಲ್ಲ ಎಂದೆ. ಅಮ್ಮ, ನಿನ್ನ ತಲೆಯಲ್ಲಿ ಪಹಣಿ ಹೊಕ್ಕಿದೆ ಎಂದಳು.

ಪೇಪರಿನಲ್ಲಿ ಇವರ ಫೋಟೋ ಬಂದದ್ದೇ ಬಂದದ್ದು, ಬೀಜಕ್ಕೆ, ಸಲಹೆಗೆ ಒಂದೇ ಸಮ ಫೋನು. ಇವರು ಜಗಲಿಯಲ್ಲಿ ಕೂತು, “ನಮಸ್ಕಾರ, ಹೇಳಿ” ಎಂದು ದೊಡ್ಡದಾಗಿ ಆರಂಭಿಸುತ್ತಾರೆ, ಆಮೇಲೆ ಫೋನಿಗೆ ಅಂಗೈ ಮುಚ್ಚಿ ಒಳಗೆ ಕೂಗುತ್ತಾರೆ: “ಇವಳೇ, ಕಲ್ಲು ಎಷ್ಟು ತೂಕದ್ದು ಕಟ್ಟಬೇಕಂತೆ ಕೇಳ್ತಿದ್ದಾರೆ?”

“ಮೊದಲು ಪಹಣಿ ಯಾರ ಹೆಸರಿಗಿದೆ ಕೇಳಿ,” ಎನ್ನುತ್ತೇನೆ ನಾನು, ಸಾಸಿವೆ ಸಿಡಿಸುತ್ತ.