ದೊಡ್ಡಗಾಡಿ ಗೌಡರು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಶಿರಾಳಕೊಪ್ಪದ ಹಿಂದೆಯೋ ಮುಂದೆಯೋ, ಬಿಳೀ ಗಾಡಿಯೊಂದು ರಸ್ತೆಯ ನಡುಗೆರೆಯನ್ನು ಹೊಟ್ಟೆಯಡಿ ಹಾಕಿಕೊಂಡು ಎದುರು ಬಂದರೆ ನೀವು ಮರುಮಾತಿಲ್ಲದೆ ಪಕ್ಕಕ್ಕಿಳಿಯಿರಿ. ಒಳಗಿರುವವರು ದೊಡ್ಡಗಾಡಿ ಗೌಡರು. ಗೌಡರೇ ಆಗಬೇಕೆಂದಿಲ್ಲ, ನಾಯ್ಕರು, ಭಟ್ಟರು, ಪಾಟೀಲರು ಯಾರೂ ಆಗಬಹುದು. ನಾಲ್ಕಾರು ಎಕರೆ ಅಡಿಕೆ ತೋಟ, ಹೊಲದಲ್ಲಿ ಮೆಕ್ಕೆಜೋಳ, ಅಂಗಿಯ ಜೇಬಿನಿಂದ ಅರ್ಧ ಇಣುಕುವ ಗಾಡಿಯ ಕೀ. ಇಷ್ಟಿದ್ದರೆ ಅವರೇ.

ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಕಾಲದಲ್ಲಿ ಗಾಡಿ ಬಂತು. ಹಾಗಾಗಿ ಗೌಡರಿಗೆ ಅದರ ಬೆಲೆ ರೂಪಾಯಿಯಲ್ಲಿ ನೆನಪಿಲ್ಲ. ‘ಎಪ್ಪತ್ತು ಕ್ವಿಂಟಲ್ ಗಾಡಿ’ ಎನ್ನುತ್ತಾರೆ. 20 ಲಕ್ಷ ಮೀರಿದ ಗಾಡಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಶೇ. 18. ಅದನ್ನೂ ಅವರು ತೂಗಿಯೇ ಹೇಳುವುದು: ‘ಹನ್ನೆರಡೂವರೆ ಕ್ವಿಂಟಲ್ ಬರೀ ರೋಡ್ ಟ್ಯಾಕ್ಸಿಗೆ ಹೋತು ನೋಡ್ರೀ. ಅಷ್ಟಾದ ಮೇಲೆ ರೋಡ್ ನಮ್ದೇ ಅಲ್ಲೇನು?’ ನಡುಗೆರೆಯ ರಹಸ್ಯ ಇಲ್ಲಿದೆ.

ಈ ಸೀಮೆಗೆ ದೊಡ್ಡ ಗಾಡಿಯ ಹುಚ್ಚು ಹೊಸದಲ್ಲ. ಸೊರಬದ ಕುಬಟೂರು ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು ಕೊಟ್ಟಿತು. ಅಕ್ಕಪಕ್ಕದ ಎರಡು ತಾಲ್ಲೂಕಿನವರು ಮುಖ್ಯಮಂತ್ರಿಗಳ ಹಿಂದೆ ಧೂಳೆಬ್ಬಿಸಿ ಹೋಗುವ ಸಾಲುಗಾಡಿಗಳನ್ನು ನೋಡಿಯೇ ಬೆಳೆದವರು. ಆ ಸಾಲಿನಲ್ಲಿ ಸೇರಿಕೊಳ್ಳಲು ಒಮ್ನಿ ಸಾಲುವುದಿಲ್ಲ.

‘ಇಷ್ಟು ದೊಡ್ಡದು ಯಾಕೆ ಗೌಡ್ರೇ?’ ಅಂದರೆ ಮೊದಲ ಉತ್ತರ, ‘ಸೇಫ್ಟಿ.’ ಬಾನೆಟ್ಟನ್ನು ಅಂಗೈಯಿಂದ ಬಡಿದು ತೋರಿಸುತ್ತಾರೆ. ‘ಎರಡು ಟನ್ ಐತಿ. ಐದು ಸ್ಟಾರ್ ಕೊಟ್ಟಾರೆ. ಗುದ್ದಿದವನೇ ಪುಡಿ.’ ತಾವೇ ಹೋಗಿ ಗುದ್ದಿದರೆ ಏನಾಗುತ್ತದೆಂಬ ಪ್ರಶ್ನೆ ಅವರ ಲೆಕ್ಕದೊಳಗೆ ಬರುವುದಿಲ್ಲ. ವೇಗ ನಲವತ್ತರಿಂದ ಎಂಬತ್ತಾದರೆ ಗುದ್ದಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ರೇಕ್ ಒತ್ತಿ ನಿಲ್ಲುವ ದೂರವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ ಎಂದು ಹೈಸ್ಕೂಲಿನ ಮೇಷ್ಟ್ರು ಒಮ್ಮೆ ವಿವರಿಸಿದರು. ಗೌಡರು ಪೂರ್ತಿ ಕೇಳಿ, ‘ನಿಮ್ಮ ಸ್ಕೂಟಿಗೆ ಅದು ಸರಿ ಮೇಷ್ಟ್ರೇ’ ಅಂದರು.

ಸುರಕ್ಷತೆ ಇನ್ನೂ ಬಿಗಿಯಾಗಲಿ ಎಂದು ಗಾಡಿಯ ಮುಂದೆ ಒಂದು ಕಬ್ಬಿಣದ ಗಾರ್ಡ್ ಕೂರಿಸಿದ್ದಾರೆ. ದೀಪಾವಳಿಯ ಕೊಬ್ಬರಿ ಹೋರಿಗೆ ಕೋಡಣಸು ತೊಡಿಸಿದಷ್ಟೇ ಶ್ರದ್ಧೆಯಿಂದ ಅದಕ್ಕೆ ಪಾಲಿಶ್ ಆಗುತ್ತದೆ. ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟು ನುಂಗಲೆಂದೇ ಗಾಡಿಯ ಮೂತಿಯನ್ನು ಮಾಡಿರುತ್ತಾರೆ. ಅಡ್ಡ ಕಬ್ಬಿಣ ಕೂರಿಸಿದರೆ ಪೆಟ್ಟು ನೇರ ಒಳಗೆ ಬರಬಹುದು, ಏರ್‌ಬ್ಯಾಗಿನ ಸೆನ್ಸರೂ ದಾರಿ ತಪ್ಪಬಹುದು. ಇಂಥ ಗಾರ್ಡುಗಳು ಕಾನೂನಿಗೆ ವಿರುದ್ಧ ಎಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ‘ಅದು ಡೆಲ್ಲಿಗೆ ಬರೆದದ್ದು’ ಎನ್ನುತ್ತಾರೆ ಗೌಡರು. ‘ಇಲ್ಲಿ ಎಮ್ಮೆ ಅಡ್ಡ ಬರ್ತಾವೆ.’

ಇನ್ನು ಸೀಟ್ ಬೆಲ್ಟು. ಹಾಕದಿದ್ದರೆ ಗಾಡಿ ಕುಂಯ್ ಕುಂಯ್ ಎನ್ನುತ್ತದೆ. ಗೌಡರಿಗೆ ಹೊಟ್ಟೆ ಬಿಗಿಯುತ್ತದೆ. ಅದಕ್ಕೆ ಬರೀ ಕೊಂಡಿಯನ್ನು ತಂದು ಸಿಕ್ಕಿಸಿದ್ದಾರೆ. ಗಾಡಿಯೂ ಸುಮ್ಮನಾಯಿತು, ಹೊಟ್ಟೆಯೂ ಹಗುರಾಯಿತು. ಆ ಕೊಂಡಿಗಳನ್ನು ಮಾರುವುದು ನಿಲ್ಲಿಸಿ ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಆನ್‌ಲೈನ್ ಅಂಗಡಿಗಳಿಗೆ ತಾಕೀತು ಮಾಡಿತು. ಗೌಡರು ಅದಕ್ಕೆ ಮೊದಲೇ ಒಂದು ಡಜನ್ ತರಿಸಿ ಬೀಗರಿಗೆಲ್ಲ ಹಂಚಿಯಾಗಿತ್ತು. ನಕ್ಷತ್ರ ಕೊಡುವ ಪರೀಕ್ಷೆಯಲ್ಲಿ ಗಾಡಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರಲ್ಲ, ಆಗ ಒಳಗಿರುವ ಬೊಂಬೆಗಳು ಬೆಲ್ಟ್ ಹಾಕಿಕೊಂಡು ಕೂತಿರುತ್ತವೆ. ಆ ಐದು ನಕ್ಷತ್ರ ಸಿಕ್ಕಿದ್ದು ಅವಕ್ಕೆ. ಗೌಡರಂತೂ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸುತ್ತಾರೆ.

ಗಾಡಿ ಕೊಳ್ಳುವಾಗ ಹೇಳಿದ ಎರಡನೆಯ ಕಾರಣ ಉಪಯೋಗ. ‘ತೋಟಕ್ಕೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು.’ ಮಳೆಗಾಲ ಬಂತು, ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತಾಯಿತು, ಗಾಡಿ ಟಾರ್ಪಾಲಿನ ಅಡಿ ಬೆಚ್ಚಗೆ ಮಲಗಿತು. ತೋಟದ ದಾರಿ ಕೆಸರು, ಬಣ್ಣಕ್ಕೆ ಗೀರು ಬೀಳುತ್ತದೆ. ಮೈಲುತುತ್ತ, ಸುಣ್ಣ, ಗೌಡರು ಎಲ್ಲ ಒಟ್ಟಿಗೆ ತೋಟಕ್ಕೆ ಹೋಗುವುದು ಹಳೇ ಎಕ್ಸೆಲ್ ಮೊಪೆಡ್ಡಿನ ಮೇಲೆ. ಅಡಿಕೆ ಚೀಲ ಮಂಡಿಗೆ ಹೋಗುವುದು ಪಕ್ಕದ ಮನೆಯವರ ಪಿಕಪ್ಪಿನಲ್ಲಿ. ಚೀಲದ ಧೂಳು ಸೀಟಿಗಾಗದು. ಗೌಡರ ತಾಯಿಗೆ ಅಷ್ಟೆತ್ತರ ಹತ್ತಲಾಗದೆ ಡಿಕ್ಕಿಯಲ್ಲಿ ಒಂದು ಮರದ ಮಣೆ ಕಾಯಂ ಆಗಿದೆ. ಏಳು ಜನರ ಗಾಡಿಯ ಕೊನೆಯ ಸಾಲಿಗೆ ಮೊಣಕಾಲು ಮಡಚಿ ಹೋಗುವ ಕಲೆ ಅಳಿಯನೊಬ್ಬನಿಗೆ ಮಾತ್ರ ಸಿದ್ಧಿಸಿದೆ.

ಸುಗ್ಗಿಯಲ್ಲಿ ಇನ್ನೊಂದು ತೊಡಕು. ಅರ್ಧ ಡಾಂಬರು ರಸ್ತೆಗೆ ಗೌಡರೇ ಮೆಕ್ಕೆಜೋಳ ಹರವಿ, ಅಂಚಿಗೆ ಕಲ್ಲಿಟ್ಟು ಬರುತ್ತಾರೆ. ಸಂಜೆ ಅದೇ ದಾರಿಯಲ್ಲಿ ಗಾಡಿ ತಂದು, ‘ಥೂ, ಏನು ಇಕ್ಕಟ್ಟು ರೋಡು ಮಾಡ್ಯಾರೆ’ ಎಂದು ಲೋಕೋಪಯೋಗಿ ಇಲಾಖೆಯನ್ನು ಬೈಯುತ್ತಾರೆ.

ಡೀಸೆಲ್ ಮಾತ್ರ ಬಂಕಿನಲ್ಲಿ ಮೆಲ್ಲಗೆ ಆಡುವ ಮಾತು. 80 ಲೀಟರ್ ಹಿಡಿಯುವ ಟ್ಯಾಂಕು. ಗೌಡರು ಕಿಟಕಿ ಎರಡೇ ಬೆರಳು ಇಳಿಸಿ, ‘ಐನೂರಕ್ಕೆ ಹಾಕಪ್ಪ’ ಅನ್ನುತ್ತಾರೆ. 2025ರ ಏಪ್ರಿಲ್ 1ರಿಂದ ರಾಜ್ಯ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿ, ಬೆಂಗಳೂರಿನಲ್ಲೇ ಲೀಟರಿಗೆ 91 ರೂಪಾಯಿ ಆದಾಗ ಐನೂರಕ್ಕೆ ಬಿದ್ದದ್ದು ಐದೂವರೆ ಲೀಟರ್. ಕಿ.ಮೀ. ಎಷ್ಟು ಕೊಡುತ್ತದೆಂದು ಕೇಳಿದರೆ, ‘ನೋಡಿಲ್ಲ’ ಎಂಬ ಉತ್ತರ. ನೋಡಿದ್ದಾರೆ. ಹತ್ತು. ಸೊರಬದ ಮಾವನ ಮನೆಗೆ ಹೋಗಿ ಬರಲು 80 ಕಿ.ಮೀ. ಆಸುಪಾಸು, ಅಂದರೆ ಏಳುನೂರು ರೂಪಾಯಿಯ ಮೇಲೆ. ಗೌಡ್ತಿಯವರು ಮಾತ್ರ 2023ರ ಜೂನಿನಿಂದ ಆಧಾರ್ ಕಾರ್ಡು ಹಿಡಿದು ಕೆಂಪು ಬಸ್ಸಿನಲ್ಲಿ ಪುಕ್ಕಟೆ ತವರಿಗೆ ಹೋಗಿಬರುತ್ತಾರೆ. ಗಾಡಿಗಿಂತ ಮೊದಲೇ ಮುಟ್ಟಿರುತ್ತಾರೆ. ಗೌಡರು ದಾರಿಯಲ್ಲಿ ನಾಲ್ಕು ಕಡೆ ಗಾಡಿ ನಿಲ್ಲಿಸಿ ಟೀ ಕುಡಿಯದಿದ್ದರೆ ಊರಿನವರು ನೋಡುವುದಾದರೂ ಹೇಗೆ?

ಗೌಡರು ನಿಜವಾಗಿ ಕುಗ್ಗಿದ್ದು 2025ರ ಸೆಪ್ಟೆಂಬರಿನಲ್ಲಿ. ಜಿಎಸ್‌ಟಿ, ಸೆಸ್ ಕೂಡಿ ಶೇ. 50 ಇದ್ದ ದೊಡ್ಡ ಗಾಡಿಗಳ ತೆರಿಗೆ ಆ ತಿಂಗಳ 22ರಿಂದ ಶೇ. 40ಕ್ಕೆ ಇಳಿಯಿತು. ಮುಂದಿನ ವಾರವೇ ಆನವಟ್ಟಿ ಕಡೆಯ ಷಡ್ಡಕ ಅದೇ ಗಾಡಿ, ಅದೇ ಬಣ್ಣ, ಎರಡು ಲಕ್ಷಕ್ಕೂ ಮಿಕ್ಕಿ ಕಡಿಮೆಗೆ ತಂದು ಅಂಗಳದಲ್ಲಿ ನಿಲ್ಲಿಸಿ ಹಾರನ್ ಹೊಡೆದ. ಗೌಡರು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಕ್ಯಾಲ್ಕುಲೇಟರ್ ಹಿಡಿದು ಜಗಲಿಗೆ ಬಂದರು.

‘ಲೇ ಇವಳೇ, ಈಗಿನ ರೇಟಲ್ಲಿ ಇನ್ನೊಂದು ತಗೊಂಡ್ರೆ, ಎರಡೂ ಸೇರಿ ಸರಾಸರಿ ಇಳೀತೈತಿ.’

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಗೌಡ್ತಿ ತಲೆ ಎತ್ತಲಿಲ್ಲ. ‘ತಗೊಳ್ರಿ. ಎಕ್ಸೆಲ್ ಮಾತ್ರ ಮಾರಬ್ಯಾಡ್ರಿ, ಮತ್ತೆ ತೋಟಕ್ಕೆ ಹೋಗೋದು ಹೆಂಗೆ?’